ಒಂದೂಕಾಲು ಗಂಟೆ ಕಾದ ರಕ್ತ

ಆರು ಜನ ವ್ಯಾನ್ ಡ್ರೈವರುಗಳು ಸೇರಿಕೊಂಡು ನನ್ನ ನೆಮ್ಮದಿ ಕೆಡಿಸಿದರು. ಅವರ ತಪ್ಪೇನೂ ಇರಲಿಲ್ಲ, ಪಾಪ. ಓಡಿ ಅಂದಾಗ ಓಡಿದರು, ಕೈ ಚಾಚಿ ಅಂದಾಗ ಚಾಚಿದರು, ಬಿಸ್ಕತ್ತು ತಿಂದು ಹೋದರು. ತಪ್ಪೆಲ್ಲ ನನ್ನದು. ಅದೂ ಕೆಟ್ಟ ಬುದ್ಧಿಯಿಂದ ಮಾಡಿದ್ದಲ್ಲ, ಅಯ್ಯೋ ಪಾಪ ಅಂತ ಮಾಡಿದ್ದು. ಕೆಟ್ಟ ಬುದ್ಧಿಯಿಂದ ಮಾಡಿದ್ದರೆ ಕೊನೇಪಕ್ಷ ನನ್ನನ್ನು ನಾನೇ ಬೈದುಕೊಳ್ಳಬಹುದಿತ್ತು.

ನಾನು ವ್ಯಾಯಾಮದ ಪ್ರಯೋಗಾಲಯವೊಂದರಲ್ಲಿ ರಕ್ತ ತೆಗೆಯುವವಳು. ಹದಿನೇಳು ವರ್ಷವಾಯಿತು. ನೆಲಮಾಳಿಗೆಯಲ್ಲಿ ನಮಗೆ ಎರಡು ಕೋಣೆ. ಮೊದಲನೆಯದರಲ್ಲಿ ಒಂದೇ ಒಂದು ಟ್ರೆಡ್‌ಮಿಲ್, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ರಕ್ತ ಕೊಡುವವರಿಗೆ ಅಗಲ ತೋಳಿನ ಒಂದು ಕುರ್ಚಿ. ಒಳಕೋಣೆಯಲ್ಲಿ ಫ್ರೀಜರು, ಸಿಂಕು, ಮತ್ತು ನನಗಿಂತ ಮೊದಲೇ ಕೆಲಸಕ್ಕೆ ಸೇರಿದ ಒಂದು ಸೆಂಟ್ರಿಫ್ಯೂಜು. ರಕ್ತದ ಟ್ಯೂಬುಗಳನ್ನು ಗಿರಗಿರನೆ ತಿರುಗಿಸಿ, ಕೆಂಪನ್ನು ಕೆಳಕ್ಕಿಳಿಸಿ ಹಳದಿ ತಿಳಿಯನ್ನು ಮೇಲೆ ನಿಲ್ಲಿಸುವ ಯಂತ್ರ ಅದು. ಅದರಲ್ಲಿ ಟ್ಯೂಬುಗಳನ್ನು ಎದುರುಬದುರಾಗಿ ಇಡಬೇಕು, ತೂಕ ಸಮ ಇರಬೇಕು. ಒಂದೇ ಟ್ಯೂಬು ಇದ್ದರೆ ಎದುರಿಗೆ ಅಷ್ಟೇ ತೂಕದ ನೀರಿನ ಟ್ಯೂಬು. ಇಲ್ಲದಿದ್ದರೆ ಯಂತ್ರ ಮೇಜಿನ ಮೇಲೆ ಕುಣಿಯುತ್ತದೆ. ಹಳೇ ಯಂತ್ರವಾದ್ದರಿಂದ ನಮ್ಮ ದೊಡ್ಡ ಮೇಡಂ, ಅಂದರೆ ಪ್ರಯೋಗಾಲಯ ನಡೆಸುವ ಪ್ರೊಫೆಸರು, ಒಂದು ನಿಯಮ ಮಾಡಿದ್ದರು: ಆದಷ್ಟೂ ತುಂಬಿಸಿಕೊಂಡೇ ತಿರುಗಿಸಬೇಕು, ಒಂದೊಂದು ಟ್ಯೂಬಿಗೆಲ್ಲ ಅದನ್ನು ದಣಿಸಬಾರದು.

ಆ ವರ್ಷ ನಾವು ನೋಡುತ್ತಿದ್ದದ್ದು ಒಂದೇ ವಿಷಯ. ಏದುಸಿರು ಬರುವಂತೆ ಓಡಿದಾಗ ಮೈಯೊಳಗೆ ಆಮ್ಲಜನಕ ಜೋರಾಗಿ ಉರಿಯುತ್ತದೆ. ಒಲೆ ಜೋರಾದರೆ ಕಿಡಿ ಹಾರುವುದೂ ಜಾಸ್ತಿ. ಆ ಕಿಡಿಗಳು ಅಲ್ಲಿಷ್ಟು ಇಲ್ಲಿಷ್ಟು ಮೈಯನ್ನೇ ಸುಡುತ್ತವೆ. ಆಕ್ಸಿಡೇಟಿವ್ ಸ್ಟ್ರೆಸ್ ಅಂತಾರೆ ಅದಕ್ಕೆ. ಎಷ್ಟು ಸುಟ್ಟಿದೆ ಅಂತ ತಿಳಿಯಲು ರಕ್ತದ ತಿಳಿಗೆ ಒಂದು ದ್ರಾವಣ ಬೆರೆಸಿ ಕುದಿಸುತ್ತೇವೆ. ಗುಲಾಬಿ ಬಣ್ಣ ಬರುತ್ತದೆ. ಬಣ್ಣ ಗಾಢವಾದಷ್ಟೂ ಪೆಟ್ಟು ಹೆಚ್ಚು. ಗಂಡಸರಿಗೆ ಹೆಚ್ಚೋ ಹೆಂಗಸರಿಗೆ ಹೆಚ್ಚೋ ಅನ್ನುವುದು ಪ್ರಶ್ನೆ. ಓಡಲು ಬಂದವರೆಲ್ಲ ಅಗ್ನಿಶಾಮಕ ದಳದವರು, ಇಪ್ಪತ್ನಾಲ್ಕು ಗಂಡಸರು, ಇಪ್ಪತ್ತು ಹೆಂಗಸರು. ಉತ್ತರ ಬಂತು: ಗಂಡಸರ ಟ್ಯೂಬುಗಳು ಗಾಢ ಗುಲಾಬಿ, ಹೆಂಗಸರದ್ದು ತಿಳಿ ಗುಲಾಬಿ. ಹೆಣ್ಣಿನ ಹಾರ್ಮೋನು ಅವಳನ್ನು ಕಾಪಾಡುತ್ತಿರಬಹುದು ಅಂತ ದೊಡ್ಡ ಮೇಡಂ ವರದಿ ಬರೆದರು.

ಈ ಉತ್ತರ ಕೇಳಿ ಎಲ್ಲರಿಗಿಂತ ಹೆಚ್ಚು ಕುಣಿದವಳು ನನ್ನ ನಾದಿನಿ. ಮನೆಯಲ್ಲಿ ಅವಳಿಗೆ ಬುಗುರಿ ಅಂತ ಹೆಸರು. ಚಿಕ್ಕಂದಿನಿಂದಲೂ ಒಂದು ಕಡೆ ಕೂತವಳಲ್ಲ. ಊಟಕ್ಕೆ ಕೂತರೆ ನಾಲ್ಕು ಸಲ ಏಳುತ್ತಾಳೆ. ಹನ್ನೊಂದು ವರ್ಷದಿಂದ ಅಗ್ನಿಶಾಮಕ ದಳದಲ್ಲಿದ್ದಾಳೆ, ಹನ್ನೊಂದು ವರ್ಷವೂ ಅವಳ ಕೈಗೆ ಬಂದದ್ದು ಫೋನು ಮತ್ತು ಪೈಪು. ಒಂದನ್ನು ಎತ್ತುವುದು, ಇನ್ನೊಂದನ್ನು ಸುತ್ತುವುದು. ಅವಳಿಗೆ ಬೇಕಿದ್ದದ್ದು ಏಣಿ ತಂಡ. ಉರಿಯುವ ಕಟ್ಟಡದ ಕಿಟಕಿಗೆ ಏಣಿ ಹಾಕಿ ಹತ್ತಿ ಜನರನ್ನು ಇಳಿಸುವ ತಂಡ. ಕೇಳಿದಾಗಲೆಲ್ಲ ಅವಳ ಸಾಹೇಬರದು ಒಂದೇ ಹಾಡು: ಹೆಂಗಸರು ಬೇಗ ಸುಸ್ತಾಗ್ತಾರಮ್ಮ, ನಾಳೆ ಹೆಚ್ಚುಕಮ್ಮಿ ಆದರೆ ಯಾರು ಜವಾಬ್ದಾರಿ?

ಈಗ ಆ ಹಾಡಿಗೆ ನಮ್ಮ ವರದಿ ಉತ್ತರ ಕೊಟ್ಟಿತ್ತು. ಬುಧವಾರ ಹನ್ನೊಂದು ಗಂಟೆಗೆ ಇಲಾಖೆಯ ಸಭೆ. ದೊಡ್ಡ ಮೇಡಂ ವರದಿ ಓದುತ್ತಾರೆ, ಅಲ್ಲೇ ಏಣಿ ತಂಡದ ಹೊಸ ಪಟ್ಟಿಗೆ ಸಹಿ. ಪಟ್ಟಿಯಲ್ಲಿ ಒಬ್ಬಳೇ ಹೆಂಗಸು, ಬುಗುರಿ. ಈ ಸಭೆ ತಪ್ಪಿದರೆ ಇನ್ನೊಂದು ಮೂರು ತಿಂಗಳ ಮೇಲೆ. ಮೂವತ್ತೈದು ತುಂಬಿದವರನ್ನು ಏಣಿ ತಂಡಕ್ಕೆ ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ, ಅವಳಿಗೆ ಮೂವತ್ತೈದು ತುಂಬಲು ಹತ್ತು ದಿನ ಬಾಕಿ ಇತ್ತು.

ಸೋಮವಾರ ಬೆಳಿಗ್ಗೆ ದೊಡ್ಡ ಮೇಡಂ ಒಳಕೋಣೆಗೆ ತಲೆ ಹಾಕಿ, "ವರದಿ ಕೊನೇಲಿ ಒಂದು ಪಟ್ಟಿ ಬೇಕಲ್ಲ, ಯಾರು ಯಾವತ್ತು ಬಂದ್ರು, ಎಷ್ಟು ಹೊತ್ತಿಗೆ ಓಡಿದ್ರು ಅಂತ. ನಿಮ್ಮ ನೋಟ್‌ಬುಕ್ಕಲ್ಲಿ ಇರುತ್ತಲ್ಲ?" ಅಂದರು.

ಇರುತ್ತದೆ. ಯಾರೂ ಕೇಳದಿದ್ದರೂ ನಾನು ಬರೆದಿಡುತ್ತೇನೆ. ರಕ್ತ ತೆಗೆದ ಹೊತ್ತು ಒಂದು ಕಡೆ, ಯಂತ್ರ ತಿರುಗಿಸಿದ ಹೊತ್ತು ಇನ್ನೊಂದು ಕಡೆ. ಟೀ ಕುಡಿಯುತ್ತ ನಕಲು ಮಾಡಲು ಕೂತೆ. ಪಕ್ಕದಲ್ಲಿ ವರದಿ ತೆರೆದಿತ್ತು. ಅದರಲ್ಲಿ ಒಂದು ಸಾಲು: ಆರು ಗಂಡಸರಲ್ಲಿ ಮಾತ್ರ ಓಡಿದ ನಂತರದ ಸಂಖ್ಯೆ ಹೆಂಗಸರಷ್ಟೇ ಕಡಿಮೆ ಇದೆ, ಕಾರಣ ತಿಳಿದಿಲ್ಲ.

ಯಾರಪ್ಪ ಈ ಆರು ಜನ ಅಂತ ಸುಮ್ಮನೆ ನೋಟ್‌ಬುಕ್ಕಿನಲ್ಲಿ ಹುಡುಕಿದೆ. ಒಬ್ಬ ಎರಡನೇ ತಾರೀಕು ಬಂದವನು, ನಾಲ್ಕನೆಯವನಾಗಿ ಓಡಿದ್ದ. ಇನ್ನೊಬ್ಬ ಒಂಬತ್ತನೇ ತಾರೀಕು, ಅವನೂ ನಾಲ್ಕನೆಯವನು. ಮೂರನೆಯವನೂ ನಾಲ್ಕನೆಯವನು. ಅಷ್ಟು ಹೊತ್ತಿಗೆ ನನ್ನ ಟೀ ಆರಿಹೋಗಿತ್ತು. ಆರೂ ಜನ ಅವರವರ ಗುಂಪಿನಲ್ಲಿ ಕೊನೆಗೆ ಓಡಿದವರು. ಅವರು ಯಾರು ಅಂತಲೂ ನೆನಪಾಯಿತು. ಓಡುವ ಮುಂಚೆ ಆರೂ ಜನ ಜೇಬಿನಿಂದ ಕೀ ಗೊಂಚಲು ತೆಗೆದು ನನ್ನ ಕೈಗೆ ಕೊಟ್ಟಿದ್ದರು. ವ್ಯಾನ್ ಓಡಿಸಿಕೊಂಡು ಬಂದವರು. ವ್ಯಾನಿಗೆ ಜಾಗ ಹುಡುಕಿ ನಿಲ್ಲಿಸಿ ಬರುವಷ್ಟರಲ್ಲಿ ಉಳಿದ ಮೂವರು ಸಾಲು ಹಿಡಿದಿರುತ್ತಿದ್ದರು. ಅದರಲ್ಲಿ ಒಬ್ಬನಿಗೆ ಎಂಥಾ ಹೊಟ್ಟೆ ಅಂದರೆ, ಐದೇ ನಿಮಿಷಕ್ಕೆ ಕಮ್ಮಾರನ ತಿದಿಯ ಹಾಗೆ ಉಸಿರು ಬಿಡುತ್ತಿದ್ದ. ಅವನ ರಕ್ತ ಎಲ್ಲರಿಗಿಂತ ತಿಳಿ ಗುಲಾಬಿ!

ಡ್ರೈವರಿಕೆ ಮಾಡಿದರೆ ರಕ್ತ ಶುದ್ಧಿಯಾಗುತ್ತದೆ ಅಂತ ಯಾವ ಶಾಸ್ತ್ರದಲ್ಲೂ ಇಲ್ಲ. ಪೆನ್ನು ಕೆಳಗಿಟ್ಟೆ.

ಗಂಡಸರು ವ್ಯಾನಿನಲ್ಲಿ ನಾಲ್ಕು ನಾಲ್ಕು ಜನ ಬರುತ್ತಿದ್ದರು. ಡ್ಯೂಟಿಯ ಮೇಲೆಯೇ ಬರುವುದು, ಅವಸರವಿಲ್ಲ. ಟ್ರೆಡ್‌ಮಿಲ್ ಒಂದೇ. ಓಡುವ ಮುಂಚಿನ ರಕ್ತವನ್ನು ಸಾಲಾಗಿ ಕೂರಿಸಿ ಹತ್ತೇ ನಿಮಿಷದಲ್ಲಿ ತೆಗೆದು ತಕ್ಷಣ ತಿರುಗಿಸುತ್ತಿದ್ದೆ. ಓಡಿದ ಮೇಲಿನ ರಕ್ತ ಹಾಗಲ್ಲ. ಒಬ್ಬೊಬ್ಬ ಓಡಿ, ಇಳಿದು, ರಕ್ತ ಕೊಟ್ಟು ಮುಗಿಸಲು ಇಪ್ಪತ್ತೈದು ನಿಮಿಷ. ಮೊದಲನೆಯವನ ಟ್ಯೂಬು ಸ್ಟ್ಯಾಂಡಿನಲ್ಲಿ ನಿಂತು ಉಳಿದ ಮೂವರಿಗಾಗಿ ಕಾಯುತ್ತಿತ್ತು. ದೊಡ್ಡ ಮೇಡಂ ನಿಯಮ, ಯಂತ್ರ ತುಂಬಬೇಕು. ಒಂದೂಕಾಲು ಗಂಟೆ ಕಾಯುತ್ತಿತ್ತು. ಎರಡನೆಯವನದು ಐವತ್ತು ನಿಮಿಷ, ಮೂರನೆಯವನದು ಇಪ್ಪತ್ತೈದು. ಡ್ರೈವರಿನದು ಮಾತ್ರ ತೆಗೆದ ಕೂಡಲೇ ಯಂತ್ರಕ್ಕೆ.

ಹೆಂಗಸರು? ಹೆಂಗಸರಿಗೆ ಯಾವ ವ್ಯಾನೂ ಬರಲಿಲ್ಲ. ಒಂದು ಪಾಳಿಗೆ ಒಬ್ಬಳೇ ಹೆಂಗಸು, ಅವಳು ಬಿಟ್ಟು ಬಂದರೆ ಫೋನ್ ಎತ್ತುವವರಿಲ್ಲ. ಹಾಗಾಗಿ ಒಬ್ಬೊಬ್ಬಳೇ ಬಸ್ಸು ಹಿಡಿದು ಓಡೋಡಿ ಬರುತ್ತಿದ್ದಳು. ಮಗು ಶಾಲೆಯಿಂದ ಬರುವ ಹೊತ್ತಾಯಿತು, ಅತ್ತೆಗೆ ಮಾತ್ರೆ ಕೊಡಬೇಕು, ಬದಲಿಗೆ ಕೂತವನು ಬೈಯುತ್ತಾನೆ. ನಮ್ಮಲ್ಲಿ ಇನ್ನೊಂದು ನಿಯಮ, ರಕ್ತ ತಿರುಗಿಸಿ ತಿಳಿ ಚೆನ್ನಾಗಿ ಬಂದಿದೆ ಅಂತ ನೋಡುವ ತನಕ ಯಾರೂ ಹೋಗುವಂತಿಲ್ಲ. ಕೆಟ್ಟಿದ್ದರೆ ಮತ್ತೆ ಚುಚ್ಚಬೇಕಲ್ಲ. ಆದ್ದರಿಂದ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲೇ ನಿಂತು, "ಬೇಗ ಬಿಡ್ತೀರಾ ಅಕ್ಕಾ?" ಅನ್ನುತ್ತಿದ್ದರು. ಇಪ್ಪತ್ತು ಹೆಂಗಸರದೂ ಇದೇ ಮಾತು. ಅಯ್ಯೋ ಪಾಪ ಅನ್ನಿಸುತ್ತಿತ್ತು. ದೊಡ್ಡ ಮೇಡಂ ಕಣ್ಣು ತಪ್ಪಿಸಿ, ಎದುರಿಗೆ ನೀರಿನ ಟ್ಯೂಬು ಇಟ್ಟು, ಅವರ ಒಂದೇ ಟ್ಯೂಬಿಗೆ ಯಂತ್ರ ತಿರುಗಿಸಿ ಕಳಿಸುತ್ತಿದ್ದೆ. ಅವರ ರಕ್ತ ಐದು ನಿಮಿಷವೂ ಕಾದಿಲ್ಲ.

ಮೈಯಿಂದ ಹೊರಗೆ ಬಂದ ರಕ್ತ ಸುಮ್ಮನೆ ಕೂರುವುದಿಲ್ಲ. ಹೊರಗಿಟ್ಟ ಹಾಲು ತಾನಾಗಿ ಕೆಡುವ ಹಾಗೆ ಅದೂ ಟ್ಯೂಬಿನಲ್ಲೇ ಕೆಡುತ್ತಾ ಹೋಗುತ್ತದೆ. ಹಾಗಾದರೆ ನಾವು ಅಳೆದದ್ದು ಗಂಡಸರನ್ನೂ ಅಲ್ಲ ಹೆಂಗಸರನ್ನೂ ಅಲ್ಲ, ಯಾರು ವ್ಯಾನಿನಲ್ಲಿ ಬಂದರು ಯಾರು ಬಸ್ಸಿನಲ್ಲಿ ಬಂದರು ಅನ್ನುವುದನ್ನು.

ಆ ದಿನವೆಲ್ಲ ನಾನು ಕೂತಿದ್ದರೆ ಕೇಳಿ. ತೊಳೆದ ಟ್ಯೂಬುಗಳನ್ನೇ ಮತ್ತೆ ತೊಳೆದೆ. ಫ್ರೀಜರಿನ ಬಾಗಿಲು ತೆಗೆದು, ಯಾಕೆ ತೆಗೆದೆ ಅಂತ ಮರೆತು, ಮುಚ್ಚಿದೆ. ಕಾರಿಡಾರಿನಲ್ಲಿ ದೊಡ್ಡ ಮೇಡಂ ಎದುರಾಗಿ "ಏನು, ಸರಿ ಹೋಗ್ತಾ ಇದೆಯಾ?" ಅಂತ ಸುಮ್ಮನೆ ಕೇಳಿದರು. ನಾನು ಕುಂಬಳಕಾಯಿ ಕಳ್ಳ ಅಂದ ಕೂಡಲೇ ಹೆಗಲು ಮುಟ್ಟಿಕೊಂಡವನ ಹಾಗೆ, "ನಾನೇನೂ ಮಾಡಿಲ್ಲ ಮೇಡಂ" ಅಂದುಬಿಟ್ಟೆ. ಅವರು ವಿಚಿತ್ರವಾಗಿ ನೋಡಿ ಹೋದರು.

ಮನೆಗೆ ಹೋದರೆ ಅಲ್ಲಿ ಬುಗುರಿ. ಅವಳ ಅಣ್ಣ, ಅಂದರೆ ನಮ್ಮವರು, ಹೊಸ ಬೂಟು ತಂದುಕೊಟ್ಟಿದ್ದರು. ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುವ ಮನುಷ್ಯ, ಯಾರಿಗೂ ಒಂದು ಮಾತು ಹೆಚ್ಚಿಗೆ ಆಡುವವರಲ್ಲ, ತಂಗಿಯ ಕಾಲ ಹತ್ತಿರ ಕೂತು ಲೇಸು ಹೇಗೆ ಬಿಗಿಯಬೇಕು ಅಂತ ತೋರಿಸುತ್ತಿದ್ದರು.

"ಅತ್ತಿಗೆ, ಸ್ಟೇಷನ್ನಲ್ಲಿ ಒಬ್ಬೊಬ್ಬರ ಮುಖ ನೋಡಬೇಕಿತ್ತು ನೀನು! 'ಏನ್ರೋ, ನಿಮ್ಮ ರಕ್ತ ನಮ್ಮದಕ್ಕಿಂತ ಬೇಗ ಸುಟ್ಟುಹೋಗುತ್ತಂತೆ, ಬೆಂಕಿ ಹತ್ರ ಹುಷಾರಾಗಿರ್ರಪ್ಪಾ' ಅಂದೆ. ಒಬ್ಬನೂ ಬಾಯಿ ಬಿಡಲಿಲ್ಲ." ಬೂಟು ಹಾಕಿಕೊಂಡೇ ಹಜಾರದಲ್ಲಿ ನಾಲ್ಕು ಸುತ್ತು ಹಾಕಿದಳು.

ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ನಾನು ಒಂದೇ ಮಾತು ಕೇಳಿದೆ. "ನಾಳೆ ನಿಂಗೆ ರಜ ಅಲ್ವಾ? ಬೆಳಿಗ್ಗೆ ಬಂದು ಒಂದು ಸಲ ಓಡ್ತೀಯಾ? ಸ್ವಲ್ಪ ರಕ್ತ ಬೇಕು."

"ಎಷ್ಟು ಬೇಕಾದ್ರೂ ತಗೋ," ಅಂದಳು.

ಮಂಗಳವಾರ ಅವಳು ಓಡಿದಳು. ಇಪ್ಪತ್ತು ನಿಮಿಷ, ಹಿಡಿಕೆ ಒಂದು ಸಲವೂ ಮುಟ್ಟದೆ. ಅವಳ ತೋಳಿನಿಂದ ಎರಡು ಟ್ಯೂಬು ತುಂಬಿಸಿದೆ. ಒಂದನ್ನು ತಕ್ಷಣ ನೀರಿನ ಟ್ಯೂಬಿನ ಎದುರಿಗಿಟ್ಟು ತಿರುಗಿಸಿದೆ. ಇನ್ನೊಂದನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಗಡಿಯಾರ ನೋಡಿದೆ.

ಆ ಒಂದೂಕಾಲು ಗಂಟೆ ನಾನು ಪಟ್ಟ ಪಾಡು ಯಾರಿಗೂ ಬೇಡ. ಬುಗುರಿ ಟ್ರೆಡ್‌ಮಿಲ್ಲಿನ ಮೇಲೆ ಹಿಂದುಮುಂದಾಗಿ ನಡೆದಳು, ಗೋಡೆಯ ಮೇಲಿನ ನಕ್ಷೆ ಓದಿದಳು, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಮತ್ತೆ ಇಳಿಸಿದಳು. ನಾನು ಒಳಗೆ ಹೋಗುವುದು, ಟ್ಯೂಬು ನೋಡುವುದು, ಹೊರಗೆ ಬರುವುದು. ಕೊನೆಗೆ ಎರಡಕ್ಕೂ ಒಂದೇ ಬಣ್ಣ ಬರಲಿ ಅಂತ ಬೇಡಿಕೊಂಡೆ. ಹದಿನೇಳು ವರ್ಷದಲ್ಲಿ ಮೊದಲ ಸಲ ಒಂದು ಪರೀಕ್ಷೆ ಹೀಗೇ ಆಗಲಿ ಅಂತ ಬೇಡಿಕೊಂಡದ್ದು. ಕೊನೆಗೆ ಎರಡನೇ ಟ್ಯೂಬನ್ನೂ ತಿರುಗಿಸಿ, ಎರಡರ ತಿಳಿಗೂ ದ್ರಾವಣ ಬೆರೆಸಿ, ಕುದಿಸಿ, ಆರಿಸಿ, ಪಕ್ಕಪಕ್ಕ ಇಟ್ಟೆ.

ಒಂದು ತಿಳಿ ಗುಲಾಬಿ. ಇನ್ನೊಂದು ಗಾಢ ಗುಲಾಬಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿರಲಿಲ್ಲ, ಆದರೂ ಬಣ್ಣ ಅಳೆಯುವ ಯಂತ್ರಕ್ಕಿಟ್ಟು ನೋಡಿದೆ. ಮೊದಲನೆಯದು ನಮ್ಮ ಹೆಂಗಸರ ಸಂಖ್ಯೆ, ಎರಡನೆಯದು ನಮ್ಮ ಗಂಡಸರ ಸಂಖ್ಯೆ.

ಬುಗುರಿ ನನ್ನ ಭುಜದ ಹಿಂದೆ ನಿಂತಿದ್ದಳು. "ಈ ಗಾಢ ಇರೋದು ಯಾವನದು?" ಅಂದಳು ನಗುತ್ತ.

"ನಿಂದೇ."

"ಇದು?"

"ಅದೂ ನಿಂದೇ ಕಣೇ. ಒಂದನ್ನ ಆಗಲೇ ತಿರುಗಿಸಿದೆ, ಇನ್ನೊಂದನ್ನ ಕಾಯಿಸಿದೆ. ಗಂಡಸರದ್ದನ್ನೆಲ್ಲ ಹೀಗೇ ಕಾಯಿಸಿದ್ದೆ. ನನಗೆ ಹೊಳೀಲೇ ಇಲ್ಲ."

ಅವಳು ದಡ್ಡಿಯಲ್ಲ. ಎರಡೂ ಟ್ಯೂಬುಗಳನ್ನು ನೋಡಿದಳು, ನನ್ನ ನೋಟ್‌ಬುಕ್ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಅವಳು ಅಷ್ಟು ಹೊತ್ತು ಅಲ್ಲಾಡದೆ ನಿಂತದ್ದನ್ನು ನಾನು ಕಂಡಿರಲಿಲ್ಲ.

"ಮೇಡಂಗೆ ಹೇಳಿದೀಯಾ?"

"ಇನ್ನೂ ಇಲ್ಲ. ನಾಳೆ ಬೆಳಿಗ್ಗೆ ಹೇಳಬೇಕು. ಸಭೆಗೆ ಹೋಗೋಕ್ಕೆ ಮುಂಚೆ."

"ನಾಡಿದ್ದು ಹೇಳು."

ನಾನು ನೋಟ್‌ಬುಕ್ ಮುಚ್ಚಿದೆ.

"ಅತ್ತಿಗೆ, ನಾಡಿದ್ದು ಹೇಳು. ನಾಳೆ ಸಹಿ ಆಗಿಬಿಡ್ಲಿ. ಒಂದು ಸಲ ಹೆಸರು ಹತ್ತಿದ್ರೆ ಯಾರೂ ತೆಗೆಯಲ್ಲ. ಆಮೇಲೆ ನೀನು ಸಾವಿರ ಸಲ ತಪ್ಪಾಯ್ತು ಅಂತ ಹೇಳ್ಕೋ." ನನ್ನ ತೋಳು ಹಿಡಿದುಕೊಂಡಳು. "ನಾನು ಏಣಿ ಹತ್ತಬಲ್ಲೆ ಅಂತ ನಿಂಗೆ ಗೊತ್ತಿಲ್ವಾ? ಗಾಢ ಗುಲಾಬಿಯೋ ತಿಳಿ ಗುಲಾಬಿಯೋ, ನಾನು ಹತ್ತಬಲ್ಲೆ. ಅವರು ಒಳಗೆ ಬಿಡೋಕೆ ಒಂದು ನೆವ ಬೇಕಿತ್ತು, ಸಿಕ್ಕಿದೆ. ಅವರೇನು ಹನ್ನೊಂದು ವರ್ಷ ನಿಜ ಹೇಳಿ ನನ್ನನ್ನ ಹೊರಗಿಟ್ಟಿದ್ರಾ?"

"ವರದಿಲಿ ನಿನ್ನ ವಿಷಯ ಮಾತ್ರ ಇದ್ದಿದ್ರೆ..." ಅಂದೆ.

ವರದಿಯಲ್ಲಿ ಇನ್ನೊಂದು ಸಲಹೆ ಇತ್ತು, ಅದು ಅವಳಿಗೂ ಗೊತ್ತಿತ್ತು. ದಳದಲ್ಲಿ ಕಸರತ್ತು ಮುಗಿದ ಮೇಲೆ ಎಲ್ಲರಿಗೂ ಮೂವತ್ತು ನಿಮಿಷ ವಿಶ್ರಾಂತಿ ಇದೆ. ಹೆಂಗಸರಿಗೆ ಪೆಟ್ಟು ಕಡಿಮೆ ಬೀಳುವುದರಿಂದ ಅವರಿಗೆ ಹದಿನೈದು ನಿಮಿಷ ಸಾಕು ಅಂತ ಆ ಸಲಹೆ. ನಾಳೆ ಅದಕ್ಕೂ ಸಹಿ ಬೀಳುವುದಿತ್ತು. ಓಡಲು ಬಂದ ಹೆಂಗಸರಲ್ಲಿ ನಲವತ್ತೆಂಟರ ಒಬ್ಬಾಕೆ ಇದ್ದಳು. ಟ್ರೆಡ್‌ಮಿಲ್ಲಿನಿಂದ ಇಳಿದವಳೇ ಕಣ್ಣು ಕತ್ತಲಿಟ್ಟು ನನ್ನ ಮೇಲೆ ವಾಲಿದ್ದಳು. ಇಪ್ಪತ್ತು ನಿಮಿಷ ಹಿಡಿದುಕೊಂಡು ಕೂತಿದ್ದೆ. ಅವಳ ಸಂಖ್ಯೆಯೂ ಕಡಿಮೆಯೇ ಬಂದಿತ್ತು. ಹದಿನೈದನೇ ನಿಮಿಷಕ್ಕೆ ಅವಳನ್ನು ಎಬ್ಬಿಸಿ ಪೈಪು ಹೊರು ಅಂದರೆ?

"ಅದನ್ನ ಆಮೇಲೆ ಸರಿಮಾಡಬಹುದು," ಅಂದಳು ಬುಗುರಿ, ನಾನು ಹೇಳದಿದ್ದರೂ ತಿಳಿದುಕೊಂಡು.

"ಇಲಾಖೆಯವರು ಒಂದು ಸಲ ಕಿತ್ತುಕೊಂಡದ್ದನ್ನ ವಾಪಸ್ ಕೊಟ್ಟಿದ್ದು ನೀನು ನೋಡಿದೀಯಾ?"

ಅವಳು ತೋಳಿನ ಹತ್ತಿಯನ್ನು ಕಿತ್ತು ಬುಟ್ಟಿಗೆ ಹಾಕಿದಳು. ಬಾಗಿಲ ತನಕ ಹೋಗಿ ನಿಂತಳು. "ಗಂಡಸರ ರಕ್ತನ ಒಂದೂಕಾಲು ಗಂಟೆ ಕಾಯಿಸಿದೆಯಲ್ಲ ಅತ್ತಿಗೆ. ನನಗೋಸ್ಕರ ಒಂದು ದಿನ ಕಾಯಕ್ಕಾಗಲ್ವಾ ನಿಂಗೆ?"

ಅವಳು ಮೆಟ್ಟಿಲು ಹತ್ತಿ ಹೋದ ಸದ್ದು ಕೇಳಿಸುತ್ತಲೇ ಇತ್ತು, ಎರಡೆರಡು ಮೆಟ್ಟಿಲು ಒಟ್ಟಿಗೆ.

ಬುಧವಾರ ಬೆಳಿಗ್ಗೆ ನಾನು ಎರಡು ಸ್ಟಾಪು ಮುಂಚೆಯೇ ಬಸ್ಸಿನಿಂದ ಇಳಿದೆ. ನಡೆದರೆ ತಡವಾಗುತ್ತದೆ, ತಡವಾದರೆ ಮೇಡಂ ಹೊರಟಿರುತ್ತಾರೆ, ಆಗ ನನ್ನ ತಪ್ಪಲ್ಲ. ನನ್ನ ಯೋಗ್ಯತೆ ಅಷ್ಟೇ ಇತ್ತು, ಮುಚ್ಚಿಡುವುದೇಕೆ. ಆದರೆ ಹಾಳು ಕಾಲುಗಳು, ಅಭ್ಯಾಸಬಲದಿಂದ ಬಿರಬಿರನೆ ನಡೆದವು. ಒಂಬತ್ತೂವರೆಗೆಲ್ಲ ಮೇಡಂ ಕೋಣೆಯ ಮುಂದೆ ಇದ್ದೆ. ಅವರು ಒಳ್ಳೆಯ ಸೀರೆ ಉಟ್ಟು, ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ನೋಟ್‌ಬುಕ್ ತೆರೆದು ಮೇಜಿನ ಮೇಲಿಟ್ಟೆ. ಎರಡು ಟ್ಯೂಬು ಪಕ್ಕದಲ್ಲಿಟ್ಟೆ. ಹೇಳಿದೆ. ಹೇಳುವಾಗ ಮೂರು ಸಲ ಸೆರಗಿನಿಂದ ಮುಖ ಒರೆಸಿಕೊಂಡೆ.

"ಒಬ್ಬಳ ರಕ್ತ ನೋಡಿ ಹೀಗೆಲ್ಲ ಹೇಳೋಕಾಗಲ್ಲ," ಅಂದರು ಮೇಡಂ.

"ಆರು ಡ್ರೈವರುಗಳಿದ್ದಾರಲ್ಲ ಮೇಡಂ. ಕಾರಣ ತಿಳಿದಿಲ್ಲ ಅಂತ ನೀವೇ ಬರೆದಿದೀರಿ."

ಅವರು ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಇಳಿದರು. ಆರನೆಯ ಡ್ರೈವರಿನ ಹತ್ತಿರ ಬೆರಳು ನಿಂತಿತು. "ಹೆಂಗಸರಿಗೆ ಮಾತ್ರ ಒಂದೊಂದೇ ಟ್ಯೂಬು ಯಾಕೆ ತಿರುಗಿಸಿದ್ರಿ? ನಾನು ಬೇಡ ಅಂದಿದ್ದೆನಲ್ಲ?" ಅಂದರು.

"ಅವರಿಗೆ ಅವಸರ ಇತ್ತು ಮೇಡಂ."

ಬೈದರು. ಹದಿನೇಳು ವರ್ಷದಲ್ಲಿ ಬೈಯದಷ್ಟು ಬೈದರು. ಆಮೇಲೆ ಕನ್ನಡಕ ತೆಗೆದಿಟ್ಟು, ತಪ್ಪು ನಿಮ್ಮದಲ್ಲ, ಆ ನಿಯಮ ಮಾಡಿದವಳು ನಾನು ಅಂದರು. ಬೈದದ್ದಕ್ಕಿಂತ ಅದೇ ಹೆಚ್ಚು ಚುಚ್ಚಿತು. ಗಂಡಸರಿಗೂ ಹೆಂಗಸರಿಗೂ ವ್ಯತ್ಯಾಸ ಇರಲೂಬಹುದು, ಇಲ್ಲದಿರಲೂಬಹುದು, ನಮಗೆ ಗೊತ್ತಿಲ್ಲ, ಗೊತ್ತಿಲ್ಲ ಅಂತಲೇ ಹೋಗಿ ಹೇಳುತ್ತೇನೆ ಅಂದರು. ಹೋದರು, ಹೇಳಿದರು.

ಸಭೆಯವರು ಎರಡೇ ವಾಕ್ಯದಲ್ಲಿ ಮುಗಿಸಿದರಂತೆ. ವಿಶ್ರಾಂತಿ ಈಗಿರುವಂತೆ ಮೂವತ್ತು ನಿಮಿಷ. ಏಣಿ ತಂಡಕ್ಕೆ ಹೆಂಗಸರನ್ನು ತೆಗೆದುಕೊಳ್ಳುವ ವಿಷಯ ಹೊಸ ವರದಿ ಬಂದ ಮೇಲೆ. ಮೇಡಂ ನನ್ನ ಮಾತು ಕೇಳಿ, ಒಬ್ಬಳ ವಯಸ್ಸಿನ ಗಡುವು ಮುಗಿಯುತ್ತಿದೆ, ಅವಳ ಹೆಸರನ್ನಾದರೂ ಸೇರಿಸಿಕೊಳ್ಳಿ ಅಂತ ಕೇಳಿದ್ದರು. ಒಬ್ಬರಿಗಾಗಿ ನಿಯಮ ಸಡಿಲಿಸಲು ಬರುವುದಿಲ್ಲ ಅಂದರಂತೆ. ಹೆಂಗಸರೂ ಗಂಡಸರೂ ಸಮವೇ ಇರಬಹುದಲ್ಲ ಅಂತ ಯಾರಿಗೂ ಹೊಳೆಯಲಿಲ್ಲ. ಹೆಂಗಸರೇ ಒಂದು ಕೈ ಮೇಲು ಅಂತ ತೋರಿಸಿದ್ದರೆ ಬಾಗಿಲು ತೆಗೆಯುತ್ತಿದ್ದರು, ಸಮ ಇರಬಹುದು ಅಂದರೆ ಚಿಲಕ ಹಾಗೇ ಇತ್ತು. ನನಗೆ ಬಂದ ಸಿಟ್ಟಿಗೆ ಆ ಸಭೆಯವರೆಲ್ಲರನ್ನೂ ಆ ಟ್ರೆಡ್‌ಮಿಲ್ಲಿನ ಮೇಲೆ ನಿಲ್ಲಿಸಿ ಗುಂಡಿ ಒತ್ತಬೇಕು ಅನ್ನಿಸಿತು.

ನಮ್ಮವರು ಆ ವಾರ ನನ್ನ ಜೊತೆ ಆಡಿದ್ದು ಒಂದೇ ಮಾತು. "ಒಂದು ದಿನ ಬಾಯಿಗೆ ಬೀಗ ಹಾಕೋಕಾಗ್ಲಿಲ್ವಾ?" ಆಮೇಲೆ ಬಡಿಸಿದ್ದನ್ನು ಉಂಡು ಎದ್ದು ಹೋದರು.

ಬುಗುರಿಯ ಹುಟ್ಟಿದ ದಿನ ಬಂತು, ಹೋಯಿತು. ಫೋನ್ ಮಾಡಿದೆ, ಎತ್ತಲಿಲ್ಲ. ದಿನಕ್ಕೆ ನೂರು ಫೋನ್ ಎತ್ತುವ ಕೆಲಸದವಳು ನನ್ನದೊಂದನ್ನು ಎತ್ತಲಿಲ್ಲ. ಬೂಟಿನ ಪೆಟ್ಟಿಗೆಯನ್ನು ನಮ್ಮ ಮನೆಯಲ್ಲೇ ಬಿಟ್ಟು ಹೋಗಿದ್ದಳು. ಅದನ್ನು ಕಪಾಟಿನ ಮೇಲಿಟ್ಟರೆ ಕಣ್ಣಿಗೆ ಬೀಳುತ್ತಿತ್ತು, ಮಂಚದ ಕೆಳಗಿಟ್ಟರೆ ಕಸ ಗುಡಿಸುವಾಗ ಪೊರಕೆಗೆ ಸಿಗುತ್ತಿತ್ತು. ಎಲ್ಲಿಟ್ಟರೂ ನನ್ನನ್ನು ಕೂರಗೊಡಲಿಲ್ಲ.

ಏಳನೇ ವಾರಕ್ಕೆ ಪರೀಕ್ಷೆ ಮತ್ತೆ ಶುರುವಾಯಿತು. ಈ ಸಲ ಗಂಡಸರೂ ಒಬ್ಬೊಬ್ಬರೇ ಬರಬೇಕು, ಯಾರ ರಕ್ತವೂ ಐದು ನಿಮಿಷಕ್ಕಿಂತ ಹೆಚ್ಚು ಕಾಯುವಂತಿಲ್ಲ. ಹಳೇ ಯಂತ್ರ ಪ್ರತಿಯೊಂದು ಟ್ಯೂಬಿಗೂ ಗೊಣಗುತ್ತ ತಿರುಗಿತು. ಹೆಂಗಸರ ಪಟ್ಟಿಯಲ್ಲಿ ಬುಗುರಿಯ ಹೆಸರು ಇರಲಿಲ್ಲ. ನಾನೂ ಕೇಳಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳುವುದು?

ಒಂದು ಶುಕ್ರವಾರ ಬಾಗಿಲಲ್ಲಿ ಅವಳೇ ನಿಂತಿದ್ದಳು. ಜೊತೆಯಲ್ಲಿ ಇಪ್ಪತ್ತಾರರ ಇನ್ನೊಬ್ಬಳು, ದಳಕ್ಕೆ ಹೊಸದಾಗಿ ಸೇರಿದವಳು. ಬುಗುರಿ ನೇರವಾಗಿ ಬಂದು ಟ್ರೆಡ್‌ಮಿಲ್ ಹತ್ತಿದಳು. ಹಳೇ ಬೂಟು. ಇಪ್ಪತ್ತು ನಿಮಿಷ ಓಡಿದಳು, ಹಿಡಿಕೆ ಮುಟ್ಟದೆ. ಅಗಲ ತೋಳಿನ ಕುರ್ಚಿಯಲ್ಲಿ ಕೂತು ಕೈ ಚಾಚಿದಳು. ಮೊದಲ ಸಲ ರಕ್ತನಾಳ ಸಿಗದೆ ಎರಡು ಸಲ ಚುಚ್ಚಿದೆ. ಹದಿನೇಳು ವರ್ಷದಲ್ಲಿ ಹಾಗಾದದ್ದು ಎಣಿಸಿದರೆ ನಾಲ್ಕೋ ಐದೋ ಸಲ.

ಎದುರಿಗೆ ನೀರಿನ ಟ್ಯೂಬು ಇಟ್ಟು ತಿರುಗಿಸಿದೆ. ತಿಳಿ ಚೆನ್ನಾಗಿ ಬಂದಿತ್ತು. ಹೊರಗೆ ಬಂದು, "ಆಯ್ತು. ಹೋಗಬಹುದು," ಅಂದೆ.

ಅವಳು ಏಳಲಿಲ್ಲ. ಗೋಡೆಯ ಗಡಿಯಾರ ನೋಡಿದಳು.

"ಮೂವತ್ತು ನಿಮಿಷ ವಿಶ್ರಾಂತಿ ಇದೆಯಲ್ಲ ಅತ್ತಿಗೆ. ಹತ್ತೂಕಾಲಿಗೆ ಓಡಿ ಮುಗಿಸಿದೆ. ಹತ್ತು ಮುಕ್ಕಾಲರ ತನಕ ಕೂತಿರ್ತೀನಿ."

"ಫೋನ್ ಹತ್ರ ಯಾರಿದಾರೆ?"

"ಯಾರೋ ಇರ್ತಾರೆ. ನಂಗೇನು ಅವಸರ ಈಗ?" ಕೋಪದಿಂದ ಹೇಳಲಿಲ್ಲ. ಕೋಪದಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ.

ಆ ಇಪ್ಪತ್ತಾರರವಳು ಅಷ್ಟರಲ್ಲಿ ಓಡಲು ತಯಾರಾಗಿ, ಚಪ್ಪಲಿಯನ್ನು ಬಾಗಿಲ ಹತ್ತಿರವೇ ಹೋಗುವ ಕಡೆಗೆ ತಿರುಗಿಸಿಟ್ಟು, "ಅಕ್ಕಾ, ಮುಗಿದ ಮೇಲೆ ನನ್ನ ಬೇಗ ಬಿಡ್ತೀರಾ?" ಅಂದಳು.

"ಸುಮ್ನೆ ಓಡೇ," ಅಂದಳು ಬುಗುರಿ ಕುರ್ಚಿಯಿಂದಲೇ. "ಮುಗಿದ ಮೇಲೆ ನನ್ನ ಪಕ್ಕ ಬಂದು ಕೂತ್ಕೋ. ನಿಂಗಿನ್ನೂ ಒಂಬತ್ತು ವರ್ಷ ಇದೆ, ನಿನ್ನ ರಕ್ತನಾದ್ರೂ ಸರಿಯಾಗಿ ಅಳೀಲಿ ಇವರು."

ಹುಡುಗಿ ಓಡತೊಡಗಿದಳು. ನಾನು ಅವಳ ಟ್ಯೂಬಿಗೆ ಚೀಟಿ ಅಂಟಿಸಿದೆ, ಕಿತ್ತು ಮತ್ತೆ ಅಂಟಿಸಿದೆ. ಮೇಜು ಒರೆಸಿದೆ. ನೀರಿನ ಟ್ಯೂಬನ್ನು ಚೆಲ್ಲಿ ಹೊಸ ನೀರು ತುಂಬಿದೆ, ತೂಕ ನೋಡಿದೆ, ಮತ್ತೊಮ್ಮೆ ನೋಡಿದೆ. ಬುಗುರಿ ಕೈ ಕಟ್ಟಿಕೊಂಡು, ಕಾಲು ಚಾಚಿ, ಗಡಿಯಾರದ ಮೇಲೆ ಕಣ್ಣಿಟ್ಟು ಕೂತೇ ಇದ್ದಳು. ಅವಳು ಮೂವತ್ತು ನಿಮಿಷವೂ ಕೂತಿದ್ದಳು. ನಾನು ಒಂದು ಸಲವೂ ಕೂರಲಿಲ್ಲ.